ಟಿಕ್ ಟಿಕ್ ಎನ್ನುವ ಎದೆ: ಹೃದಯದ ಕವಾಟ ಶಸ್ತ್ರಚಿಕಿತ್ಸೆಯ ಕಥೆ

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಮನೆಗೆ ಬಂದಿದ್ದರು. ಅಡಿಕೆ ತೋಟದಲ್ಲಿ ಕೂಲಿ ಕೆಲಸ ಮಾಡುವವರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಆಸ್ಪತ್ರೆಯ ಕಾಗದಗಳು. ಎರಡು ವರ್ಷದ ಹಿಂದೆ ಅವರ ಮಗಳಿಗೆ ಹೃದಯದ ಕವಾಟ ಬದಲಿಸುವ ಶಸ್ತ್ರಚಿಕಿತ್ಸೆ ಆಗಿತ್ತು. ಕಾಗದಗಳೆಲ್ಲ ಇಂಗ್ಲಿಷಿನಲ್ಲಿ, ಅಲ್ಲಲ್ಲಿ ಮಲೆಯಾಳದಲ್ಲಿ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಕಾಸರಗೋಡಿನ ಕನ್ನಡಿಗರಿಗೆ ಇದು ಹೊಸ ಸಂಗತಿಯೇನಲ್ಲ. ಪಂಚಾಯತಿನ ನೋಟೀಸಿನಿಂದ ಹಿಡಿದು ಬ್ಯಾಂಕಿನ ಪತ್ರದವರೆಗೆ ಎಲ್ಲವೂ ಕೊನೆಗೆ ಕನ್ನಡ ಶಾಲೆಯ ಮಾಸ್ಟ್ರ ಮನೆಗೇ ಬರುತ್ತವೆ.

ಚಹಾ ಕುಡಿದ ಮೇಲೆ ಅವರು ಮೆಲ್ಲಗೆ ಕೇಳಿದರು: "ಮಾಸ್ಟ್ರೇ, ಆಪರೇಶನ್ ಆಗಿ ಎರಡು ವರ್ಷ ಆಯ್ತು. ಮಗಳು ಈಗ ಹುಷಾರಿದ್ದಾಳೆ. ಗುಡ್ಡೆ ಹತ್ತಿದ್ರೂ ದಮ್ಮು ಕಟ್ಟುವುದಿಲ್ಲ. ಇನ್ನೂ ಈ ಮಾತ್ರೆ ಯಾಕೆ? ತಿಂಗಳು ತಿಂಗಳು ರಕ್ತ ಪರೀಕ್ಷೆ ಯಾಕೆ? ಇನ್ನು ನಿಲ್ಲಿಸಿದ್ರೆ ಆಗ್ಲಿಕ್ಕಿಲ್ವಾ?"

ನನಗೆ ಗಾಬರಿಯಾಯಿತು. "ನಿಲ್ಲಿಸಬೇಡಿ, ದಯವಿಟ್ಟು ಒಂದು ದಿನವೂ ನಿಲ್ಲಿಸಬೇಡಿ" ಎಂದೆ. ಆದರೆ ಯಾಕೆ ಎಂದು ಅವರಿಗೆ ಅರ್ಥವಾಗುವ ಹಾಗೆ ಹೇಳಲು ರಾತ್ರಿ ಒಂಬತ್ತು ಗಂಟೆಯಾಯಿತು. ನಾನು ಡಾಕ್ಟರಲ್ಲ, ಸಮಾಜ ಪಾಠ ಮಾಡುವವನು. ಹಾಗಾಗಿ ನನಗೆ ತಿಳಿದ ದಾರಿಯಲ್ಲೇ, ಅಂದರೆ ಚರಿತ್ರೆಯ ದಾರಿಯಲ್ಲೇ ಹೇಳಿದೆ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ನಮ್ಮ ಕನ್ನಡ ಶಾಲೆಗಳ ಮಕ್ಕಳ ಮನೆಗಳಲ್ಲಿ ಇಂಥ ಕಾಗದದ ಚೀಲಗಳು ಇನ್ನೂ ಇರಬಹುದು.

ಪಂಪಿನ ಫುಟ್‌ವಾಲ್ವ್ ಮತ್ತು ಹೃದಯ

ತೋಟದ ಕೆರೆಗೆ ಪಂಪು ಇಟ್ಟವರಿಗೆ ಫುಟ್‌ವಾಲ್ವ್ ಗೊತ್ತು. ನೀರು ಮೇಲಕ್ಕೆ ಬರುವಾಗ ಅದು ತೆರೆದುಕೊಳ್ಳುತ್ತದೆ, ಪಂಪು ನಿಂತಾಗ ಮುಚ್ಚಿಕೊಂಡು ಪೈಪಿನ ನೀರು ಕೆಳಗಿಳಿಯದಂತೆ ತಡೆಯುತ್ತದೆ. ಹೃದಯದಲ್ಲಿ ಇಂಥ ಕವಾಟಗಳು ನಾಲ್ಕಿವೆ. ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ನಡುವೆ ಇರುವುದು ದ್ವಿದಳ ಕವಾಟ. ಡಾಕ್ಟರುಗಳು ಇದನ್ನು ಮೈಟ್ರಲ್ ವಾಲ್ವ್ ಎನ್ನುತ್ತಾರೆ. ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ ರಕ್ತ ಹೋಗುವಲ್ಲಿ ಇರುವುದು ಅಯೋರ್ಟಿಕ್ ವಾಲ್ವ್. ಹೆಚ್ಚಾಗಿ ಕೆಡುವುದು ಈ ಎರಡೇ.

ಫುಟ್‌ವಾಲ್ವಿಗೆ ಬರುವ ತೊಂದರೆಗಳೇ ಇವಕ್ಕೂ ಬರುತ್ತವೆ. ಒಂದೋ ಸರಿಯಾಗಿ ತೆರೆಯುವುದಿಲ್ಲ, ಅಥವಾ ಸರಿಯಾಗಿ ಮುಚ್ಚುವುದಿಲ್ಲ. ತೆರೆಯದಿದ್ದರೆ ರಕ್ತ ಹಿಂದೆಯೇ ಕಟ್ಟಿ ನಿಂತು ಶ್ವಾಸಕೋಶದಲ್ಲಿ ಒತ್ತಡ ಹೆಚ್ಚುತ್ತದೆ. ಮುಚ್ಚದಿದ್ದರೆ ಹೋದ ರಕ್ತ ವಾಪಸು ಬರುತ್ತದೆ, ಹೃದಯ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ. ಎರಡರಲ್ಲೂ ಕೊನೆಗೆ ಆಗುವುದು ಒಂದೇ: ನಡೆದರೆ ಏದುಸಿರು, ಮಲಗಿದರೆ ಕೆಮ್ಮು, ಕಾಲಿನಲ್ಲಿ ಬಾವು. ನಿಮಿಷಕ್ಕೆ 70 ಬಾರಿಯಂತೆ ಲೆಕ್ಕ ಹಾಕಿದರೆ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು. ಅಷ್ಟು ಸಲವೂ ಈ ಕವಾಟಗಳು ತೆರೆದು ಮುಚ್ಚಬೇಕು.

ಬೆರಳಿನಿಂದ ಆರಂಭ

ನೂರು ವರ್ಷದ ಹಿಂದೆ ಹೃದಯಕ್ಕೆ ಕತ್ತಿ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಬಡಿಯುತ್ತಲೇ ಇರುವ, ರಕ್ತ ತುಂಬಿದ ಅಂಗವನ್ನು ಕೊಯ್ಯುವುದು ಹೇಗೆ? 1923ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಎಲಿಯಟ್ ಕಟ್ಲರ್ ಎಂಬ ಶಸ್ತ್ರವೈದ್ಯ ಒಬ್ಬ ಬಾಲಕಿಯ ಕಿರಿದಾದ ಮೈಟ್ರಲ್ ಕವಾಟವನ್ನು ಸಣ್ಣ ಚಾಕುವಿನಿಂದ ಬಿಡಿಸಿದ. ಆ ಹುಡುಗಿ ನಾಲ್ಕು ವರ್ಷಕ್ಕೂ ಹೆಚ್ಚು ಬದುಕಿದಳು. ಆದರೆ ಆಮೇಲಿನ ರೋಗಿಗಳು ಉಳಿಯಲಿಲ್ಲ. ಕೆಲವು ವರ್ಷಗಳಲ್ಲಿ ಆತ ಆ ಶಸ್ತ್ರಚಿಕಿತ್ಸೆಯನ್ನೇ ಕೈಬಿಟ್ಟ.

1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಬೇರೆ ದಾರಿ ಹಿಡಿದ. ಹೃತ್ಕರ್ಣದಲ್ಲಿ ಒಂದು ಸಣ್ಣ ತೂತು ಮಾಡಿ ತನ್ನ ಬೆರಳನ್ನೇ ಒಳಗೆ ತೂರಿಸಿ, ಕಣ್ಣಿಗೆ ಕಾಣದ ಕವಾಟವನ್ನು ಮುಟ್ಟಿ ನೋಡಿ ಅಗಲಿಸಿದ. ಆ ಹದಿಹರೆಯದ ಹುಡುಗಿಯೂ ಬದುಕಿದಳು. ಹಾಗಿದ್ದರೆ ರೋಗಿಗಳು ಸಾಲುಗಟ್ಟಿ ಬರಬೇಕಿತ್ತಲ್ಲವೇ? ಬರಲಿಲ್ಲ! ಆಗಿನ ವೈದ್ಯರು ಈ ಕಾಯಿಲೆಯಲ್ಲಿ ಮುಖ್ಯ ದೋಷ ಇರುವುದು ಹೃದಯದ ಸ್ನಾಯುವಿನಲ್ಲಿ, ಕವಾಟದಲ್ಲಲ್ಲ ಎಂದು ನಂಬಿದ್ದರು. ಸೌಟರ್ ಬಳಿಗೆ ಎರಡನೆಯ ರೋಗಿಯನ್ನು ಯಾರೂ ಕಳಿಸಲೇ ಇಲ್ಲ. ಸರಿಯಾದ ದಾರಿ ಕಣ್ಣೆದುರಿಗೇ ಇದ್ದರೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ದಾರಿಯಲ್ಲಿ ಯಾರೂ ನಡೆಯಲಿಲ್ಲ.

ಮತ್ತೆ ನಡೆದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಫಿಲಡೆಲ್ಫಿಯಾದ ಚಾರ್ಲ್ಸ್ ಬೈಲಿಯ ಮೊದಲ ನಾಲ್ವರು ರೋಗಿಗಳು ತೀರಿಹೋದರು. ನಾಲ್ಕನೆಯ ರೋಗಿ ತೀರಿಹೋದದ್ದು 1948ರ ಜೂನ್ 10ರಂದು. ಅದೇ ದಿನ, ತನ್ನನ್ನು ತಡೆಯುವ ಮೊದಲೇ, ಆತ ಇನ್ನೊಂದು ಆಸ್ಪತ್ರೆಗೆ ಹೋಗಿ ಐದನೆಯ ಶಸ್ತ್ರಚಿಕಿತ್ಸೆ ಮಾಡಿದ. ಆ ಮಹಿಳೆ ಬದುಕಿ ಉಳಿದಳು. ಒಂದು ವಾರದೊಳಗೆ ಬಾಸ್ಟನ್ನಿನಲ್ಲಿ ಡ್ವೈಟ್ ಹಾರ್ಕನ್, ಅದೇ ವರ್ಷ ಲಂಡನ್ನಿನಲ್ಲಿ ರಸೆಲ್ ಬ್ರಾಕ್ ಕೂಡ ಯಶಸ್ವಿಯಾದರು. ಬೈಲಿಯ ಈ ಹಟವನ್ನು ಮೆಚ್ಚಬೇಕೋ ಹೆದರಬೇಕೋ ನನಗೆ ಇಂದಿಗೂ ಗೊತ್ತಾಗುವುದಿಲ್ಲ. ಆ ನಾಲ್ವರ ಹೆಸರು ನಮ್ಮ ಯಾವ ಪಾಠದಲ್ಲೂ ಇಲ್ಲ. ಆದರೆ ಮುಂದೆ ಬದುಕಿದ ಸಾವಿರಾರು ಜನರು ಅವರ ಋಣದಲ್ಲಿದ್ದಾರೆ.

1950ರ ದಶಕದಲ್ಲಿ ಈ ಬೆರಳಿನ ಶಸ್ತ್ರಚಿಕಿತ್ಸೆ ನಮ್ಮ ದೇಶಕ್ಕೂ ಬಂತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಇದರಲ್ಲಿ ಮುಂದಿತ್ತು. ಇಂದು ಕಿರಿದಾದ ಮೈಟ್ರಲ್ ಕವಾಟಕ್ಕೆ ಅನೇಕ ಸಲ ಎದೆ ಕೊಯ್ಯುವುದೇ ಇಲ್ಲ. 1982ರಲ್ಲಿ ಜಪಾನಿನ ಕಾಂಜಿ ಇನೌಯೆ ಮೊದಲು ಮಾಡಿ ತೋರಿಸಿದಂತೆ, ತೊಡೆಯ ಸಂದಿನ ರಕ್ತನಾಳದ ಮೂಲಕ ಒಂದು ಬಲೂನನ್ನು ಕಳಿಸಿ, ಕವಾಟದ ಬಾಯಲ್ಲಿ ಉಬ್ಬಿಸಿ ಅಗಲಿಸುತ್ತಾರೆ. ಸೌಟರ್‌ನ ಬೆರಳು ಮಾಡಿದ ಕೆಲಸವನ್ನು ಈಗ ಬಲೂನು ಮಾಡುತ್ತದೆ. ಆದರೆ ಕವಾಟ ತುಂಬ ಗಡುಸಾಗಿದ್ದರೆ ಅಥವಾ ಹೆಚ್ಚು ಸೋರುತ್ತಿದ್ದರೆ ಬಲೂನು ಸಾಲದು.

ಪಂಜರದೊಳಗಿನ ಚೆಂಡು

ಕೆಟ್ಟ ಕವಾಟವನ್ನು ತೆಗೆದು ಬೇರೆ ಹಾಕಬೇಕಾದರೆ ಹೃದಯವನ್ನು ನಿಲ್ಲಿಸಬೇಕು. ಹೃದಯ ನಿಂತರೆ ಮೆದುಳಿಗೆ ರಕ್ತ ಕಳಿಸುವವರು ಯಾರು? ಇದಕ್ಕೆ ಜಾನ್ ಗಿಬ್ಬನ್ ಎಂಬ ವೈದ್ಯ ಪತ್ನಿಯ ಜೊತೆ ಸೇರಿ ವರ್ಷಗಟ್ಟಲೆ ದುಡಿದು ಯಂತ್ರವೊಂದನ್ನು ಕಟ್ಟಿದ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ 18 ವರ್ಷದ ಯುವತಿಯೊಬ್ಬಳ ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು 26 ನಿಮಿಷ ಆ ಯಂತ್ರವೇ ಮಾಡಿತು. ಆ ಹೊತ್ತಿನಲ್ಲಿ ಆಕೆಯ ಹೃದಯದ ತೂತನ್ನು ಹೊಲಿಯಲಾಯಿತು. ಇಂದು ಪ್ರತಿ ದೊಡ್ಡ ಆಸ್ಪತ್ರೆಯಲ್ಲಿರುವ ಹಾರ್ಟ್-ಲಂಗ್ ಮೆಶಿನ್ ಇದರ ಮರಿಮೊಮ್ಮಗು.

ಇನ್ನು ಕೃತಕ ಕವಾಟ. 1958ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಲೋವೆಲ್ ಎಡ್ವರ್ಡ್ಸ್ ಎಂಬ ಅರುವತ್ತರ ಆಸುಪಾಸಿನ ಎಂಜಿನಿಯರ್, ಆಲ್ಬರ್ಟ್ ಸ್ಟಾರ್ ಎಂಬ ಯುವ ಶಸ್ತ್ರವೈದ್ಯನನ್ನು ಹುಡುಕಿಕೊಂಡು ಬಂದ. ಎಡ್ವರ್ಡ್ಸ್ ಜೀವನವಿಡೀ ಪಂಪುಗಳ ಕೆಲಸ ಮಾಡಿದವನು. ವಿಮಾನದ ಇಂಧನ ಪಂಪಿಗೆ ಸಂಬಂಧಿಸಿದ ಆವಿಷ್ಕಾರದಿಂದ ಹಣ ಗಳಿಸಿದ್ದವನು. ಬಾಲ್ಯದಲ್ಲಿ ಅವನಿಗೂ ಸಂಧಿವಾತ ಜ್ವರ ಬಂದಿತ್ತು. ಈ ಜ್ವರದ ವಿಷಯ ಮುಂದೆ ಹೇಳುತ್ತೇನೆ. "ಕೃತಕ ಹೃದಯ ಮಾಡೋಣ" ಎಂಬುದು ಅವನ ಆಸೆ. ಅದು ಬಹಳ ದೊಡ್ಡದಾಯಿತು, ಮೊದಲು ಒಂದು ಕವಾಟ ಮಾಡೋಣ ಎಂಬುದು ಸ್ಟಾರ್ ಕೊಟ್ಟ ಸಲಹೆ.

ಅವರು ಮಾಡಿದ್ದು ಒಂದು ಸಣ್ಣ ಲೋಹದ ಪಂಜರ, ಅದರೊಳಗೆ ಸಿಲಿಕೋನ್ ರಬ್ಬರಿನ ಒಂದು ಚೆಂಡು. ರಕ್ತ ನುಗ್ಗಿದಾಗ ಚೆಂಡು ಮುಂದೆ ಸರಿದು ದಾರಿ ಬಿಡುತ್ತದೆ, ಹಿಂದಕ್ಕೆ ಬಂದಾಗ ಬಾಯಿ ಮುಚ್ಚುತ್ತದೆ. ಪಂಪು ರಿಪೇರಿ ಮಾಡುವ ನಮ್ಮೂರಿನವರಿಗೆ ತೋರಿಸಿದರೆ ಒಂದೇ ನೋಟಕ್ಕೆ ಅರ್ಥವಾಗುವಂಥದ್ದು. 1960ರ ಆಗಸ್ಟಿನಲ್ಲಿ ಮೊದಲ ರೋಗಿ ಕೆಲವೇ ಗಂಟೆಗಳಲ್ಲಿ ತೀರಿಹೋದಳು. ಕಾರಣ ಕವಾಟವಲ್ಲ, ಹೃದಯದೊಳಗೆ ಉಳಿದಿದ್ದ ಗಾಳಿ ಮೆದುಳಿಗೆ ಹೋಗಿತ್ತು. ಮುಂದಿನ ಸಲ ಗಾಳಿ ಪೂರ್ತಿ ಹೊರಹೋಗುವಂತೆ ನೋಡಿಕೊಂಡರು. ಸೆಪ್ಟೆಂಬರ್ 21ರಂದು ಕವಾಟ ಹಾಕಿಸಿಕೊಂಡ 52 ವರ್ಷದ ವ್ಯಕ್ತಿ ಹತ್ತು ವರ್ಷ ಬದುಕಿ, ಕೊನೆಗೆ ತೀರಿಹೋದದ್ದು ಏಣಿಯಿಂದ ಬಿದ್ದು!

ಆಮೇಲೆ ಚೆಂಡಿನ ಬದಲು ವಾಲುವ ಬಿಲ್ಲೆ ಬಂತು. 1977ರಲ್ಲಿ ಎರಡು ಅರ್ಧಚಂದ್ರಾಕಾರದ ರೆಕ್ಕೆಗಳ ಕವಾಟ ಬಂತು. ಇನ್ನೊಂದು ಕಡೆ 1960ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಆಲೆನ್ ಕಾರ್ಪೆಂಟಿಯೆ ಹಂದಿಯ ಕವಾಟವನ್ನು ರಾಸಾಯನಿಕದಲ್ಲಿ ಹದಮಾಡಿ ಬಳಸುವ ಕ್ರಮ ತಂದ. 2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ಎದೆ ಕೊಯ್ಯದೆ ರಕ್ತನಾಳದ ಮೂಲಕವೇ ಅಯೋರ್ಟಿಕ್ ಕವಾಟ ಕೂರಿಸಿದ. ಈ ಕ್ರಮ ಈಗ ಮುಖ್ಯವಾಗಿ ವಯಸ್ಸಾದವರಿಗೆ ಬಳಕೆಯಲ್ಲಿದೆ.

ದನದ ಕಾಯಿಲೆಯಿಂದ ಬಂದ ಮಾತ್ರೆ

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಲೋಹ ಮತ್ತು ಪ್ಲಾಸ್ಟಿಕ್ಕನ್ನು ನಮ್ಮ ರಕ್ತ ತನ್ನದೆಂದು ಒಪ್ಪುವುದಿಲ್ಲ. ಮುಟ್ಟಿದಲ್ಲಿ ಹೆಪ್ಪುಗಟ್ಟಲು ನೋಡುತ್ತದೆ. ಗಾಯವಾದಾಗ ಜೀವ ಉಳಿಸುವ ಗುಣವೇ ಇಲ್ಲಿ ಅಪಾಯ. ಹೆಪ್ಪು ಕವಾಟದ ಬಿಲ್ಲೆಯನ್ನು ಸಿಕ್ಕಿಸಿ ನಿಲ್ಲಿಸಬಹುದು. ಚೂರು ಕಿತ್ತುಹೋಗಿ ಮೆದುಳಿಗೆ ಸೇರಿದರೆ ಪಾರ್ಶ್ವವಾಯು ಬಡಿಯುತ್ತದೆ. ಮೊದಮೊದಲ ಕೃತಕ ಕವಾಟಗಳ ರೋಗಿಗಳಲ್ಲಿ ಇದೇ ದೊಡ್ಡ ಕಂಟಕವಾಗಿತ್ತು. ಇದನ್ನು ತಡೆಯುವುದು ವಾರ್ಫರಿನ್ ಅಥವಾ ಅದೇ ಜಾತಿಯ ಮಾತ್ರೆ.

ಈ ಮಾತ್ರೆಯ ಕಥೆ ಶುರುವಾಗುವುದು ದನದ ಹಟ್ಟಿಯಲ್ಲಿ. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲು ತಿಂದದ್ದೇ ಕಾರಣವೆಂದು ಪಶುವೈದ್ಯರು ಕಂಡುಹಿಡಿದರು. 1933ರ ಚಳಿಗಾಲದಲ್ಲಿ ಒಬ್ಬ ರೈತ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೇರಿಕೊಂಡು ಹಿಮಗಾಳಿಯಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ಕಾರ್ಲ್ ಪಾಲ್ ಲಿಂಕ್ ಮತ್ತು ಅವನ ಸಂಗಡಿಗರು ಆರು ವರ್ಷ ದುಡಿದು 1939ರಲ್ಲಿ ಹುಲ್ಲಿನಿಂದ ಆ ವಸ್ತುವನ್ನು ಬೇರ್ಪಡಿಸಿದರು. ಅದರಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ! 1954ರಲ್ಲಿ ಮನುಷ್ಯರ ಔಷಧವಾಯಿತು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರಿಗೂ ಇದನ್ನೇ ಕೊಟ್ಟರು.

ಇಲಿ ಪಾಷಾಣ ಎಂದ ಕೂಡಲೇ ಹೆದರಬೇಡಿ. ಪ್ರಮಾಣದಲ್ಲಿದೆ ಎಲ್ಲ ಗುಟ್ಟು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಒಬ್ಬರಿಗೆ ಹಿಡಿಸುವ ಪ್ರಮಾಣ ಇನ್ನೊಬ್ಬರಿಗೆ ಹಿಡಿಸದು. ಅದಕ್ಕೇ ಆ ತಿಂಗಳ ರಕ್ತ ಪರೀಕ್ಷೆ. ಅದರ ಹೆಸರು ಐಎನ್ಆರ್. ಈ ಮಾತ್ರೆ ತಿನ್ನದವರಲ್ಲಿ ಅದು ಸುಮಾರು 1 ಇರುತ್ತದೆ. ಕೃತಕ ಕವಾಟ ಇರುವವರಲ್ಲಿ ಸಾಮಾನ್ಯವಾಗಿ 2ರಿಂದ 3.5ರ ನಡುವೆ, ಕವಾಟ ಯಾವುದು, ಎಲ್ಲಿದೆ ಎಂಬುದನ್ನು ನೋಡಿ ಡಾಕ್ಟರು ಗೆರೆ ಹಾಕಿಕೊಡುತ್ತಾರೆ. ಮಗಳು ಗುಡ್ಡೆ ಹತ್ತುತ್ತಿರುವುದು ಮಾತ್ರೆ ಬೇಡವೆಂಬುದಕ್ಕೆ ಸಾಕ್ಷಿಯಲ್ಲ. ಮಾತ್ರೆ ತನ್ನ ಕೆಲಸ ಮಾಡುತ್ತಿರುವುದರಿಂದಲೇ ಆಕೆ ಗುಡ್ಡೆ ಹತ್ತುತ್ತಿದ್ದಾಳೆ.

ತಿರುವನಂತಪುರದ ಚಿತ್ರಾ ಕವಾಟ

ನಮ್ಮದೇ ರಾಜ್ಯದ ಕಥೆಯೊಂದು ಇದರಲ್ಲಿದೆ. ಎಂ.ಎಸ್. ವಲಿಯತ್ತಾನ್ ಎಂಬ ಶಸ್ತ್ರವೈದ್ಯರು ವಿದೇಶದಲ್ಲಿ ಕಲಿತು ಬಂದು, 1970ರ ದಶಕದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು ಕಟ್ಟಿದರು. ತಿರುವಾಂಕೂರು ರಾಜಮನೆತನ ದಾನ ಕೊಟ್ಟ ಕಟ್ಟಡದಲ್ಲಿ ಆಸ್ಪತ್ರೆ ಆರಂಭವಾಯಿತು. 1980ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಆಗ ಕವಾಟಗಳೆಲ್ಲ ವಿದೇಶದಿಂದ ಬರಬೇಕಿತ್ತು. ಕವಾಟ ಕೆಟ್ಟ ರೋಗಿಗಳಲ್ಲಿ ಬಹಳಷ್ಟು ಮಂದಿ ಬಡವರು, ಎಳೆಯರು. ಕೈ ಇದೆ, ಯಂತ್ರ ಇದೆ, ಆದರೆ ಕವಾಟ ಕೊಳ್ಳಲು ದುಡ್ಡಿಲ್ಲ. ಇಲ್ಲೇ ಮಾಡೋಣ ಎಂದು ವೈದ್ಯರು ಮತ್ತು ಎಂಜಿನಿಯರುಗಳು ಒಟ್ಟಿಗೆ ಕುಳಿತರು.

ಮೊದಲ ಮಾದರಿಯ ಬೆಸುಗೆ ನಿಲ್ಲಲಿಲ್ಲ. ಎರಡನೆಯದು ಸವೆದುಹೋಯಿತು. ಮೂರನೆಯದಕ್ಕೆ ಕೃತಕ ನೀಲಮಣಿಯ ಬಿಲ್ಲೆ ಹಾಕಿದ್ದರು. ಅಷ್ಟು ಗಟ್ಟಿಯಾದ ಬಿಲ್ಲೆಯೂ ಪ್ರಯೋಗಕ್ಕೆ ಬಳಸಿದ ಕುರಿಯ ಎದೆಯಲ್ಲಿ ಒಡೆದುಹೋಯಿತು. ಇಷ್ಟಾಗುವಾಗ ವರ್ಷಗಳು ಕಳೆದಿದ್ದವು. ನಾಲ್ಕನೆಯ ಮಾದರಿಯಲ್ಲಿ ಗಟ್ಟಿ ಬಿಲ್ಲೆಯ ಆಸೆಯನ್ನೇ ಬಿಟ್ಟು, ಸವೆತ ತಡೆಯುವ ಒಂದು ಬಗೆಯ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಬಿಲ್ಲೆ ಹಾಕಿದರು. ಚೌಕಟ್ಟಿಗೆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ, ಹೊಲಿಯುವ ಅಂಚಿಗೆ ಪಾಲಿಯೆಸ್ಟರ್ ಬಟ್ಟೆ. ಯಂತ್ರದಲ್ಲಿ ಕೋಟಿಗಟ್ಟಲೆ ಸಲ ತೆರೆದು ಮುಚ್ಚಿಸಿ, ಕುರಿಗಳಲ್ಲಿ ಪರೀಕ್ಷಿಸಿ, 1990ರ ಡಿಸೆಂಬರ್ 6ರಂದು ಮೊದಲ ಬಾರಿಗೆ ಮನುಷ್ಯನಿಗೆ ಅಳವಡಿಸಿದರು. ಮುಂದೆ ಆರು ಆಸ್ಪತ್ರೆಗಳಲ್ಲಿ 306 ರೋಗಿಗಳ ಮೇಲೆ ಪರೀಕ್ಷೆ ನಡೆದು, ಟಿಟಿಕೆ ಕಂಪನಿಯ ಮೂಲಕ ಚಿತ್ರಾ ಕವಾಟ ಮಾರುಕಟ್ಟೆಗೆ ಬಂತು. ಇದುವರೆಗೆ ಒಂದು ಲಕ್ಷಕ್ಕೂ ಹೆಚ್ಚು ಎದೆಗಳಲ್ಲಿ ಅದು ಟಿಕ್ ಎಂದಿದೆ. ವಲಿಯತ್ತಾನ್ ಅವರು ಆಮೇಲೆ ನಮ್ಮ ನೆರೆಯ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಉಪಕುಲಪತಿಯಾದರು. 2024ರ ಜುಲೈ 17ರಂದು ಮಣಿಪಾಲದಲ್ಲೇ ತೀರಿಕೊಂಡರು.

ಮೂರು ಸಲ ಸೋತದ್ದನ್ನು ಅವರು ಮುಚ್ಚಿಡಲಿಲ್ಲ, ಬರೆದು ಪ್ರಕಟಿಸಿದರು. ಉತ್ತರ ತಪ್ಪಾದ ಕೂಡಲೇ ರಬ್ಬರಿನಿಂದ ಉಜ್ಜಿಬಿಡುವ ನಮ್ಮ ಮಕ್ಕಳಿಗೆ ಈ ಮಾತನ್ನು ನಾನು ಪ್ರತಿವರ್ಷ ಹೇಳುತ್ತೇನೆ.

ಆಸ್ಪತ್ರೆಗೆ ಹೋಗುವವರು ತಿಳಿದಿರಬೇಕಾದದ್ದು

ಶಸ್ತ್ರಚಿಕಿತ್ಸೆ ಗೊತ್ತಾದ ಮೇಲೆ ಮೊದಲು ಎಕೋ ಪರೀಕ್ಷೆ, ರಕ್ತ ಪರೀಕ್ಷೆ, ಎಕ್ಸ್‌ರೇ ಮಾಡುತ್ತಾರೆ. ಹಲ್ಲಿನ ಡಾಕ್ಟರ ಬಳಿಗೂ ಕಳಿಸುತ್ತಾರೆ. ಹೃದಯಕ್ಕೂ ಹಲ್ಲಿಗೂ ಏನು ಸಂಬಂಧ ಎನ್ನಬೇಡಿ. ಹುಳುಕು ಹಲ್ಲಿನ ಕ್ರಿಮಿಗಳು ರಕ್ತಕ್ಕೆ ಸೇರಿ ಹೊಸ ಕವಾಟದಲ್ಲಿ ಮನೆ ಮಾಡಬಹುದು.

ಸಾಧ್ಯವಾದರೆ ಇರುವ ಕವಾಟವನ್ನೇ ದುರಸ್ತಿ ಮಾಡುತ್ತಾರೆ. ಆಗದಿದ್ದರೆ ಬದಲಿಸುತ್ತಾರೆ. ಲೋಹದ ಕವಾಟ ಬಹುಕಾಲ ಬಾಳುತ್ತದೆ, ಆದರೆ ಜೀವನವಿಡೀ ಮಾತ್ರೆ ಬೇಕು. ಪ್ರಾಣಿಯ ಅಂಗಾಂಶದ ಕವಾಟಕ್ಕೆ ಸಾಮಾನ್ಯವಾಗಿ ವಾರ್ಫರಿನ್ ಕೆಲವು ತಿಂಗಳು ಸಾಕು, ಆದರೆ ಹತ್ತು ಹದಿನೈದು ವರ್ಷಗಳಲ್ಲಿ ಅದು ಸವೆಯುತ್ತದೆ. ಎಳೆಯರಲ್ಲಿ ಇನ್ನೂ ಬೇಗ. ಹೆಣ್ಣುಮಕ್ಕಳ ತಂದೆತಾಯಿ ಒಂದು ವಿಷಯ ಸಂಕೋಚವಿಲ್ಲದೆ ಕೇಳಬೇಕು: ಮುಂದೆ ಗರ್ಭಿಣಿಯಾದಾಗ ಏನು? ವಾರ್ಫರಿನ್ ಹೊಟ್ಟೆಯೊಳಗಿನ ಮಗುವಿಗೆ ತೊಂದರೆ ಮಾಡಬಹುದು. ಆದ್ದರಿಂದ ಯಾವ ಕವಾಟ ಎಂದು ನಿರ್ಧರಿಸುವ ಮೊದಲೇ ಈ ಮಾತು ಆಗಬೇಕು. ಮದುವೆಯ ನಂತರವೂ ಗರ್ಭ ಧರಿಸುವ ಮೊದಲೇ ಡಾಕ್ಟರನ್ನು ಕಾಣಬೇಕು.

ಶಸ್ತ್ರಚಿಕಿತ್ಸೆಯ ದಿನ ಹೊರಗೆ ಕಾಯುವವರಿಗೆ ಗಂಟೆಗಳು ಉದ್ದ. ನಾಲ್ಕೈದು ಗಂಟೆ ಹಿಡಿಯುವುದು ಸಾಮಾನ್ಯ. ಹೆಚ್ಚಾಗಿ ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಸೀಳಿ, ಯಂತ್ರಕ್ಕೆ ಜೋಡಿಸಿ, ಹೃದಯವನ್ನು ನಿಲ್ಲಿಸಿ ಕವಾಟ ಹೊಲಿಯುತ್ತಾರೆ. ಕೊನೆಗೆ ಮೂಳೆಯನ್ನು ಸ್ಟೀಲ್ ತಂತಿಯಿಂದ ಕಟ್ಟುತ್ತಾರೆ. ಐಸಿಯುವಿನಲ್ಲಿ ಮೊದಲ ಸಲ ನೋಡುವಾಗ ಎದೆ ಝಲ್ಲೆನ್ನುತ್ತದೆ. ಬಾಯಲ್ಲಿ ಉಸಿರಾಟದ ನಳಿಗೆ, ಎದೆಯಿಂದ ರಕ್ತ ಬಸಿಯುವ ನಳಿಗೆ, ಮೈತುಂಬ ವಯರು. ಇದು ಅಪಾಯದ ಲಕ್ಷಣವಲ್ಲ, ಎಲ್ಲರಿಗೂ ಹೀಗೆಯೇ. ಉಸಿರಿನ ನಳಿಗೆ ಇರುವಾಗ ಮಾತಾಡಲು ಆಗುವುದಿಲ್ಲ. ಸನ್ನೆಗಳನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ನರ್ಸುಗಳಿಗೆ ಕನ್ನಡ ಬಾರದಿದ್ದರೆ 'ನೋವು', 'ನೀರು', 'ಉಸಿರು ಕಟ್ಟುತ್ತದೆ' ಎಂಬ ಮಾತುಗಳನ್ನು ಮಲೆಯಾಳದಲ್ಲೂ ಒಂದು ಕಾಗದದಲ್ಲಿ ಬರೆದು ಕೊಡಿ.

ಎಲ್ಲ ಸರಿಯಾದರೆ ಒಂದೆರಡು ದಿನ ಐಸಿಯು, ಒಟ್ಟು ಸುಮಾರು ಒಂದು ವಾರ ಆಸ್ಪತ್ರೆ. ಕೆಮ್ಮುವಾಗ ದಿಂಬನ್ನು ಎದೆಗೆ ಅಪ್ಪಿಕೊಳ್ಳಲು ಹೇಳುತ್ತಾರೆ. ಕೆಮ್ಮಲೇಬೇಕು, ಇಲ್ಲದಿದ್ದರೆ ಕಫ ಕಟ್ಟುತ್ತದೆ. ಇದು ದೊಡ್ಡ ಶಸ್ತ್ರಚಿಕಿತ್ಸೆ, ಅಪಾಯ ಇಲ್ಲವೇ ಇಲ್ಲ ಎಂದಲ್ಲ. ನಿಮ್ಮ ರೋಗಿಗೆ ಎಷ್ಟು ಅಪಾಯ ಎಂದು ನೇರವಾಗಿ ಕೇಳಿ, ಹೇಳುವುದು ಅವರ ಕರ್ತವ್ಯ.

ಮನೆಗೆ ಬಂದ ಮೇಲೆ

ಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕೊಡಪಾನ ಎತ್ತುವುದು, ಬಾವಿಯಿಂದ ನೀರು ಸೇದುವುದು, ಬೈಕು ಬಿಡುವುದು ಬೇಡ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಾಗಿ ನಡೆಯಬೇಕು. ಮೊದಲ ವಾರಗಳಲ್ಲಿ ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು ಹಲವರಿಗೆ ಆಗುತ್ತದೆ. ಬೈಯಬೇಡಿ, ಜೊತೆಗಿರಿ. ತುಂಬ ದಿನ ಮುಂದುವರಿದರೆ ಡಾಕ್ಟರಿಗೆ ಹೇಳಿ.

ಮಾತ್ರೆಯನ್ನು ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು. ಒಂದು ದಿನ ಮರೆತರೆ ಮರುದಿನ ಎರಡು ತಿನ್ನಬಾರದು. ಬಸಳೆ, ಹರಿವೆ, ನುಗ್ಗೆ ಸೊಪ್ಪು ಪೂರ್ತಿ ಬಿಡಬೇಕಾಗಿಲ್ಲ. ಒಂದು ವಾರ ಏನೂ ಇಲ್ಲ, ಇನ್ನೊಂದು ವಾರ ದಿನಾ ಎಂಬಂತಾಗಬಾರದು, ಅಷ್ಟೇ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ. ನೋವಿನ ಮಾತ್ರೆ, ಕಷಾಯ, ಲೇಹ್ಯ ಯಾವುದನ್ನೂ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಹಲ್ಲು ಕೀಳಿಸುವ ಮೊದಲು ಕವಾಟದ ವಿಷಯ ಹೇಳಲೇಬೇಕು. ಅದಕ್ಕೆ ಮುಂಚಿತವಾಗಿ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು: ಟಿಕ್ ಟಿಕ್ ಸದ್ದು ಮಂಕಾಗಿ ದಮ್ಮು ಕಟ್ಟಿದರೆ, ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಅಥವಾ ಒಂದು ಕೈ ಕಾಲು ಶಕ್ತಿ ಕಳೆದುಕೊಂಡರೆ, ಮಲ ಕಪ್ಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ. ಕಾರಣ ತಿಳಿಯದ ಜ್ವರ ಒಂದೆರಡು ದಿನದಲ್ಲಿ ಬಿಡದಿದ್ದರೆ, ಅಂಗಡಿಯ ಮಾತ್ರೆ ನುಂಗದೆ ಹೃದಯದ ಡಾಕ್ಟರಿಗೇ ತೋರಿಸಬೇಕು.

ಗಡಿಯವರಿಗೆ ಇನ್ನೊಂದು ಮಾತು. ನಮ್ಮಲ್ಲಿ ಅನೇಕರು ಪರೀಕ್ಷೆಗೆ ಮಂಗಳೂರಿಗೆ ಹೋಗುತ್ತಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನಿನ ಸಮಯ ತಲಪಾಡಿಯಲ್ಲಿ ದಾರಿ ಮುಚ್ಚಿದ ದಿನಗಳನ್ನು ನಾವು ಮರೆತಿಲ್ಲ. ಐಎನ್ಆರ್ ಮಾಡುವ ಲ್ಯಾಬು ಗಡಿಯ ಈಚೆ ಎಲ್ಲಿದೆ ಎಂದು ತಿಳಿದಿಟ್ಟುಕೊಳ್ಳಿ. ಎರಡು ವಾರದ ಮಾತ್ರೆ ಯಾವಾಗಲೂ ಮನೆಯಲ್ಲಿ ಹೆಚ್ಚಿಗೆ ಇರಲಿ.

ಇದು ನಮ್ಮ ತರಗತಿಯಲ್ಲೇ ಶುರುವಾಗುತ್ತದೆ

ಕೊನೆಯದಾಗಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ಆ ಹುಡುಗಿ ಐದನೆಯ ತರಗತಿಯಲ್ಲಿದ್ದಾಗ ಅವಳ ಅಕ್ಷರ ಮುತ್ತಿನ ಹಾಗಿತ್ತು. ಮಳೆಗಾಲ ಕಳೆದ ಮೇಲೆ ಅದು ಕೆಟ್ಟುಹೋಯಿತು. ಗೆರೆ ಬಿಟ್ಟು ಓಡುತ್ತಿತ್ತು. ಕೈಯಿಂದ ಪೆನ್ಸಿಲು ಜಾರುತ್ತಿತ್ತು, ಕುಳಿತಲ್ಲಿ ಭುಜ ಕುಣಿಸುತ್ತಿದ್ದಳು. ಆಟ ಹೆಚ್ಚಾಯಿತು ಎಂದು ನಾನು ಎಲ್ಲರೆದುರು ಬೈದೆ. ಒಂದು ಪುಟವನ್ನು ಹತ್ತು ಸಲ ಬರೆಸಿದೆ. ಅವಳು ಅಳುತ್ತಾ ಬರೆದಳು.

ಅದು ಆಟವಾಗಿರಲಿಲ್ಲ. ಸಂಧಿವಾತ ಜ್ವರದ ಒಂದು ಲಕ್ಷಣ ಅದು. ಇದಕ್ಕೆ ಸಿಡೆನ್‌ಹ್ಯಾಮ್ ಕೊರಿಯ ಎಂದು ಹೆಸರು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು ಎರಡು ಮೂರು ವಾರಕ್ಕೆ ಕೆಲವು ಮಕ್ಕಳಲ್ಲಿ ಜ್ವರ ಬಂದು, ಮೊಣಕಾಲು, ಪಾದದ ಗಂಟು, ಮೊಣಕೈ ಒಂದಾದ ಮೇಲೊಂದು ಬಾತು ನೋಯುತ್ತವೆ. ಬ್ಯಾಕ್ಟೀರಿಯಾದ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ಶಕ್ತಿ ತನ್ನದೇ ಕೀಲು, ಹೃದಯ, ಮೆದುಳಿನ ಮೇಲೆ ತಿರುಗಿ ಬೀಳುವುದೇ ಇದಕ್ಕೆ ಕಾರಣ. ಕೀಲಿನ ನೋವು ವಾಸಿಯಾಗುತ್ತದೆ, ಹೃದಯದ ಕವಾಟದಲ್ಲಿ ಕಲೆ ಉಳಿಯುತ್ತದೆ. ಕೈ ಕುಣಿಯುವ ಕೊರಿಯ ತಿಂಗಳುಗಳ ನಂತರವೂ ಕಾಣಿಸಬಹುದು. ಹೆಚ್ಚಾಗಿ ಇದು ಬರುವುದು 5ರಿಂದ 15 ವರ್ಷದ ಮಕ್ಕಳಿಗೆ. ಅಂದರೆ ದಿನವೂ ನಮ್ಮೆದುರು ಬೆಂಚಿನಲ್ಲಿ ಕೂರುವ ಮಕ್ಕಳಿಗೆ.

ಇದನ್ನು ತಡೆಯುವ ಮದ್ದು ಹಳೆಯದು, ಅಗ್ಗದ್ದು: ಪೆನಿಸಿಲಿನ್. ಗಂಟಲು ನೋವು ಶುರುವಾಗಿ ಒಂಬತ್ತು ದಿನದೊಳಗೆ ಚಿಕಿತ್ಸೆ ಆದರೆ ಸಂಧಿವಾತ ಜ್ವರವನ್ನು ತಡೆಯಬಹುದು. ಒಮ್ಮೆ ಜ್ವರ ಬಂದವರಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ಬೇಕು. ನಡುವೆ ಬಿಟ್ಟರೆ ಜ್ವರ ಮರಳಿ ಬರಬಹುದು, ಪ್ರತಿ ಸಲವೂ ಕವಾಟ ಇನ್ನಷ್ಟು ಕೆಡುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಈ ಹೃದಯರೋಗವೂ ಇದೆ. ಆರೋಗ್ಯ ಕಾರ್ಯಕರ್ತೆಯರು ಶಾಲೆಗೆ ಬಂದ ದಿನ ಹಾಜರಿ ತೋರಿಸಿ ಕಳಿಸಿಬಿಡಬೇಡಿ. ಅನುಮಾನವಿರುವ ಮಗುವನ್ನು ಮುಂದೆ ನಿಲ್ಲಿಸಿ.

ಅಂದು ನಾನು ಹತ್ತು ಸಲ ಬರೆಸುವ ಬದಲು ಪಿಎಚ್‌ಸಿಗೆ ಕಳಿಸಿದ್ದರೆ ಅವಳ ಎದೆ ಕೊಯ್ಯುವುದು ತಪ್ಪುತ್ತಿತ್ತೇ? ಹೇಳಲಾರೆ. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಇದೆ. ಗಂಟಲು ನೋವು, ಅಲೆಯುವ ಗಂಟುನೋವು, ಏಕಾಏಕಿ ಕೆಟ್ಟ ಅಕ್ಷರ, ಆಟದಲ್ಲಿ ಹಿಂದೆ ಬೀಳುವ ಮಗು... ಇವನ್ನು ಕಂಡರೆ ಅಧ್ಯಾಪಕ ಬಂಧುಗಳೇ, ಬೈಯುವ ಮೊದಲು ಮನೆಯವರನ್ನು ಕರೆಸಿ.

ಆ ರಾತ್ರಿ ಆಕೆಯ ತಂದೆ ಹೊರಡುವಾಗ ನಾನು ನೋಟುಪುಸ್ತಕದ ಒಂದು ಹಾಳೆಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದು ಕೊಟ್ಟೆ: ಮಾತ್ರೆಯ ಹೊತ್ತು, ಪರೀಕ್ಷೆಯ ದಿನ, ಐಎನ್ಆರ್ ಎಲ್ಲಿಂದ ಎಲ್ಲಿಯವರೆಗೆ ಇರಬೇಕೆಂದು ಡಾಕ್ಟರು ಬರೆದ ಅಂಕೆ. ಅವರು ಅದನ್ನು ಗಟ್ಟಿಯಾಗಿ ಓದಿ ನೋಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. "ಈಗ ಗೊತ್ತಾಯ್ತು ಮಾಸ್ಟ್ರೇ" ಎಂದರು.

ಹೋದ ವಾರ ಆ ಹುಡುಗಿ ಶಾಲೆಯ ವಾಚನಾಲಯಕ್ಕೆ ಪುಸ್ತಕ ಮರಳಿಸಲು ಬಂದಿದ್ದಳು. ಒಳಗೆ ಯಾರೂ ಇರಲಿಲ್ಲ. ಪುಸ್ತಕದ ಹೆಸರು ಬರೆದು ಸಹಿ ಹಾಕಿದಳು. ಅಕ್ಷರ ಮತ್ತೆ ಮುತ್ತಿನ ಹಾಗಿದೆ. ಆ ಮೌನದಲ್ಲಿ ಅವಳ ಎದೆಯ ಟಿಕ್ ಟಿಕ್ ನನಗೂ ಕೇಳಿಸಿತು.